ಎಂಟು ಗುಂಡಿ

ಬಳ್ಳಾರಿಯೊಳಗೆ ಹೊಳೆಯಿಲ್ಲ.
ಕಾಲುವೆಯ ನೀರು ನಲ್ಲಿಗೆ ಬಂದಾಗ ಬರುತ್ತದೆ.
ನಮ್ಮ ಹೊಳೆ ಬರುವುದು ರಾತ್ರಿ ಹನ್ನೊಂದರ ಮೇಲೆ,
ಕೌಲ್ ಬಜಾರಿನ ಮಹಡಿಯಲ್ಲಿ,
ಹೊಲಿಗೆ ಮಷಿನ್ನುಗಳಿಗೆ ಮುಸುಕು ಹಾಕಿ,
ಬಟ್ಟೆ ಕತ್ತರಿಸುವ ಮೇಜು ಒರೆಸಿದ ಮೇಲೆ:
ಐದನೆಯ ಎಲೆ.
ರಿವರ್ ಅಂತ ಅದಕ್ಕೆ ಹೆಸರಿಟ್ಟವರು ಯಾರೋ,
ಖಾಜಾಹುಸೇನ ಹೊಳೆ ಅನ್ನುತ್ತಾನೆ, ನಾವೂ.

ಮೇಜಿನ ಮೇಲೆ ದುಡ್ಡಿಲ್ಲ. ಪ್ಯಾಂಟಿನ ಹಿತ್ತಾಳೆ ಗುಂಡಿಗಳು;
ಲೆಕ್ಕ ಶನಿವಾರ, ಗುಂಡಿಗೆ ಐದು ರೂಪಾಯಿಯಂತೆ.

ನನ್ನ ಕೈಯಲ್ಲಿ ರಾಣಿ, ಒಂಬತ್ತು.
ಕೆಳಗೂ ರಾಣಿ, ಒಂಬತ್ತು,
ಜತೆಗೆ ಕೆಲಸಕ್ಕೆ ಬಾರದ ನಾಲ್ಕು, ಆರು.
ಹೊಳೆ ತಂದದ್ದು ಕಳಾವರ್ ರಾಜ.
ಈಗ ಮೇಜಿನ ಮೇಲೆ ಮೂರು ಕಳಾವರ್,
ಬೆಲ್ಲದ ವಾಸನೆಗೆ ಬಂದ ಇರುವೆಗಳ ಹಾಗೆ.

ಗಾದಿಲಿಂಗ ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದ:
ನಂದೇನಿಲ್ಲಪ್ಪ, ನಿಂದು ನೋಡು.

ಗೆದ್ದಿದ್ದೇನೆಯೇ ಎಂಬುದು ಸುಲಭದ ಪ್ರಶ್ನೆ.
ಹತ್ತರಲ್ಲಿ ಏಳು ಸಲ ಗೆದ್ದಿರುತ್ತೇನೆ.
ಕೇಳಬೇಕಾದ್ದು ಬೇರೆ:
ನಾನು ಗುಂಡಿ ದೂಡಿದರೆ
ಅವನು ಏನನ್ನು ಹಿಡಿದುಕೊಂಡು ಹೂಂ ಅನ್ನುತ್ತಾನೆ?

ಇಪ್ಪತ್ತು ದೂಡಿದರೆ
ಸೋಲುವ ಎಲೆಗಳೆಲ್ಲ ಎದ್ದುಹೋಗುತ್ತವೆ,
ಕೂತು ಉಳಿಯುವುದು ಐದು ಕಳಾವರ್ ಮಾತ್ರ,
ಅದು ನನ್ನನ್ನೇ ನುಂಗುತ್ತದೆ.

ಸೋಲಾಪುರದ ಸಾವುಕಾರ ಇದೇ ಮೆಟ್ಟಿಲು ಹತ್ತಿ ಬರುತ್ತಾನೆ.
ಇನ್ನೂರ ನಲವತ್ತು ಅಂದರೆ ಮೊಣಕಾಲು ಹಿಡಿದು ಏಳುತ್ತಾನೆ.
ನೂರ ಎಂಬತ್ತು ಅಂದರೆ ಮಾತಿಲ್ಲದೆ ಗಂಟು ಕಟ್ಟಿಸಿ
ಇಳಿಯುವಾಗ, ಅರ್ಧ ಮೆಟ್ಟಿಲಲ್ಲಿ, ನಗುತ್ತಾನೆ.
ಆ ನಗುವಿನ ಖರ್ಚು ನನ್ನದು.

ಹೋದ ಗುರುವಾರ ಇಂಥದೇ ಎಲೆ ಹಿಡಿದು
ಏನೂ ದೂಡದೆ ಮಗುಚಿ ತೋರಿಸಿದ್ದೆ.
ಸಂಭಾವಿತ ಅಂದರು.
ಅಂಜುಬುರುಕನಿಗೆ ಇಸ್ತ್ರಿ ಮಾಡಿದ ಮಾತು ಅದು.

ಗಾದಿಲಿಂಗನನ್ನು ನೋಡಿದೆ.
ಬಣ್ಣದ ತೊಟ್ಟಿಯಲ್ಲಿ ಹದಿನೇಳು ವರ್ಷ,
ಉಗುರಿನ ಸಂದಿಯಲ್ಲಿ ಹೋಗದ ನೀಲಿ.
ಕಳಾವರ್ ಕೂಡಿದ್ದರೆ ಉಸಿರು ಹಿಡಿದು ಕೂರುತ್ತಾನೆ;
ಈಗ ಬೀಡಿ ಹಚ್ಚುತ್ತಿದ್ದಾನೆ, ಕಡ್ಡಿ ಎರಡನೆಯದು.
ನೋಡದೆ ಬಿಟ್ಟರೆ ನಿದ್ದೆ ಬಾರದ ಮನುಷ್ಯ.
ಆ ನಿದ್ದೆಗೆ ಎಷ್ಟು ಕೊಟ್ಟಾನು?

ಎಂಟು ದೂಡಿದೆ.

ಕಡ್ಡಿ ಆರುವ ಮೊದಲೇ ಎಂಟು ಎಣಿಸಿ ಹಾಕಿದ.
ತೋರ್ಸಪ್ಪ.
ಅವನದು ರಾಜ, ಏಳು.

ಗೆದ್ದೆ. ಖಾಜಾಹುಸೇನ ಹೆಗಲು ತಟ್ಟಿದ.
ನನಗೆ ಆ ಕಡ್ಡಿಯದೇ ಯೋಚನೆ.
ಅದು ಉರಿದು, ಬೆರಳು ಸುಟ್ಟು,
ಥೂ ಎಂದು ಆಮೇಲೆ ಹಾಕಿದ್ದರೆ
ಎಂಟು ಸರಿಯಿತ್ತು.
ಹನ್ನೆರಡಕ್ಕೂ ಬರುತ್ತಿದ್ದ. ಹದಿಮೂರಕ್ಕೂ, ಬಹುಶಃ.

ಮೆಟ್ಟಿಲಿಳಿಯುವಾಗ ಅವನು ನನ್ನ ಮುಂದಿದ್ದ.
ಅರ್ಧದಲ್ಲಿ ನಕ್ಕನೋ,
ಕೆಮ್ಮಿದನೋ.