ಧೂಳಪ್ಪ ಮಾವಗ ಬರೆದಿಟ್ಟ ಚೀಟಿ

ಮಾವಾ,
ಈ ಚೀಟಿ ಹಿಟ್ಟಿನ ಡಬ್ಬಿ ಕೆಳಗ ಇಟ್ಟೀನಿ.
ಹೆರಿಗಿ ಹಿಂದಿನ ದಿನದ ತನಕ ಡ್ಯೂಟಿ ಮಾಡಿದ್ದಕ್ಕ
ನನ್ನ ರಜಾನೂ ಚಂಪಾನ ಆರು ತಿಂಗಳೂ
ನಿನ್ನೆ ಒಂದ ದಿನ ಮುಗದ್ವು.
ಆರೂವರಿಗೆ ಚಡಚಣದ ಬಸ್ಸು. ನೀವು ಮಲಗಿದ್ರಿ.

ಮೊದಲ ಕೈ ತೊಳಕೋರಿ, ಸಬಕಾರ ಹಚ್ಚಿ.
ಗರಡಿ ಬಿಟ್ಟು ಮೂವತ್ತು ವರ್ಷ ಆದ್ರೂ
ನಿಮ್ಮ ಉಗುರಿನ ಸಂದ್ಯಾಗ
ಆ ಕೆಮ್ಮಣ್ಣು ಇನ್ನೂ ಅದ ಅನಸ್ತದ ನನಗ.

ಹೆಸರುಬ್ಯಾಳಿ ಒಂದು ಹಿಡಿ, ಅಕ್ಕಿ ಎರಡು ಹಿಡಿ.
ನಿಮ್ಮ ಹಿಡಿ ಅಲ್ಲ, ನನ್ನ ಹಿಡಿ.
ಆರು ಸೀಟಿ. ಆರಿದ ಮ್ಯಾಲ ಬೆರಳಲೆ ನುರೀರಿ,
ಒಂದು ಅಗಳೂ ಅಗಳಾಗಿ ಉಳೀಬಾರದು.
ಚಮಚಾ ಓರೆ ಮಾಡಿದ್ರ ನೀರಿನಂಗ ಹರದು ಹೋಗಬಾರದು,
ಹಂಗಂತ ಮುದ್ದಿನೂ ಆಗಬಾರದು,
ಗಟ್ಟಿ ಮೊಸರು ಜಾರತದಲ್ಲ, ಹಂಗ.
ಉಪ್ಪು ಬ್ಯಾಡ. ಸಕ್ಕರಿ ಬ್ಯಾಡ, ಬೆಲ್ಲಾನೂ ಬ್ಯಾಡ.
ಸಪ್ಪಗ ಹ್ಯಾಂಗ ತಿಂತದ ಕೂಸು ಅಂತೀರಿ, ಗೊತ್ತದ.
ಆಕಿಗೆ ಉಪ್ಪು ಅಂದ್ರ ಏನಂತ ತಿಳೀದು, ಮಾವಾ,
ಸಪ್ಪಗ ಅನ್ನೂದು ನಮ್ಮ ನಾಲಿಗಿ ದೂರು.

ಜೇನು ವರ್ಷ ತುಂಬೂ ತನಕ ಮುಟ್ಟಸಬ್ಯಾಡ್ರಿ.
ತಿಕೋಟಾದ ನಿಮ್ಮ ಗೆಳ್ಯಾ ತಂದ ಬಾಟಲಿ
ಎಲ್ಲಿ ಇಟ್ಟೀನಿ ಅಂತ ಇಲ್ಲಿ ಬರಿಯೂದಿಲ್ಲ.
ಅವರ ದ್ರಾಕ್ಷಿನೂ ಬ್ಯಾಡ, ಶೇಂಗಾ ಬ್ಯಾಡ.
ನಿಮ್ಮನ್ನ ಪೈಲ್ವಾನ್ ಮಾಡಿದ್ದು ಬದಾಮಿನ ಇರಬಹುದು,
ಆಕಿ ಗಂಟಲಾ ನನ್ನ ಕಿರಿಬೆರಳಿನಷ್ಟೂ ಇಲ್ಲ.

ಹೇಳಿಟ್ಟ ಎಮ್ಮಿ ಹಾಲು ನೀವು ಕುಡೀರಿ.
ಆಕಿ ಹಾಲು ಫ್ರಿಜ್ಜಿನಾಗ ಅದ,
ಮುಚ್ಚಿದ ಸ್ಟೀಲಿನ ವಾಟಗದಾಗ.
ಇಷ್ಟು ಬರಿಯೂದ್ರಾಗ ಪೆನ್ನು ಎರಡು ಸಲ ನಿಂತಿತು.
ಒಲಿ ಮ್ಯಾಲ ಇಡಬ್ಯಾಡ್ರಿ, ಬಿಸಿನೀರಾಗ ಇಟ್ಟು
ಬೆಚ್ಚಗ ಮಾಡ್ರಿ. ನಾಚಿಕಿ ಬ್ಯಾಡ. ಹಾಲು ಅದು.

ಮೂರು ದಿನ ಈ ಬ್ಯಾಳಿ-ಅಕ್ಕಿನ ನಡೀಲಿ.
ಮೈಮ್ಯಾಲ ಗಂಧಿ ಏಳಲಿಲ್ಲಂದ್ರ ನಾಕನೇ ದಿನಕ್ಕ ಕುಂಬಳಕಾಯಿ,
ಮುಂದ ಮೆಂತ್ಯಪಲ್ಯೆ ಕುದಿಸಿ, ನುಣ್ಣಗ ಅರದು,
ಎರಡು ಹನಿ ಇಂಡಿ ಲಿಂಬಿ ಹಿಂಡಿ. ರಕ್ತ ಆಗತದ.
ತತ್ತಿ ಬಗ್ಗೆ ಸಂಜಿಗೆ ಜಗಳಾ ಮಾಡೂಣು.

ಇನ್ನ ಒಂದ ಮಾತು.
ಬಾಯಿ ತೆರದು ಮುಂದ ಬಾಗಿದ್ರ ಹಸದಾಳ.
ಮಾರಿ ತಿರವಿದ್ರ ಸಾಕಾಗೇದ.
ಮೂಗು ಹಿಡದು, ತೊಡಿ ಮ್ಯಾಲ ಕೆಡವಿ, ಒಳಳಿ ಹಾಕೂದು ಬ್ಯಾಡ.
ಬೆನ್ನು ಮಣ್ಣಿಗೆ ಹತ್ತೂ ತನಕ
ನೀವು ಯಾರನ್ನೂ ಬಿಟ್ಟವರಲ್ಲ, ಊರಿಗೇ ಗೊತ್ತದ.
ಇದು ಆ ಆಟ ಅಲ್ಲ.

*

ಹೊರ್ತಿ ದಾಟಿದ ಕೂಡಲೆ ಎದಿ ಬಿಗೀತು.
ಹೆಂಗಸರಿಗೆಲ್ಲಾ ಸೊನ್ನಿ ಟಿಕೀಟು ಕೊಡಕೋತ
ಸೊನ್ನಿ, ಸೊನ್ನಿ, ಸೊನ್ನಿ,
ಎಲ್ಲಾ ಹಾಲಿಗೆ ತೆರದ ಬಾಯಿಯಂಗ ಕಂಡ್ವು.

ಝಳಕಿಯಾಗ ಹತ್ತಿದಾಕಿ ಒಬ್ಬಾಕಿ
ಕಂಕುಳ ಕೂಸಿಗೆ ಚಹಾದಾಗ ಬಿಸ್ಕೀಟು ಅದ್ದಿ
ತಿನಸ್ಲಾಕತ್ತಿದ್ಲು. ಏನೂ ಅನ್ನಲಿಲ್ಲ ನಾ.
ನನ್ನ ಮಾತೆಲ್ಲಾ ಹಿಟ್ಟಿನ ಡಬ್ಬಿ ಕೆಳಗಿತ್ತು.

ಚಡಚಣದಾಗ ಫೋನು ಬಂತು.
ಕಣದಾಗ ಗುಡುಗತಿದ್ದ ದನಿ, ಇವತ್ತ ಪಿಸಪಿಸ,
ಕೂಸು ಮಲಗಿರಬೇಕು.
"ಎರಡು ಚಮಚಾ ಒಳಗ ಹೋತವ್ವಾ,
ಮೂರು ನನ್ನ ಮೀಸಿಗೆ.
ಆಮ್ಯಾಲ ಮಾರಿ ತಿರವಿದ್ಲು."
ತುಸು ಹೊತ್ತು ಏನೂ ಇಲ್ಲ.
"ಬಿಟ್ಟೆ."
ಮತ್ತ ತುಸು ಹೊತ್ತು.
"ಉಳದದ್ದು ನಾನ ತಿಂದೆ. ಉಪ್ಪು ಹಾಕ್ಕೊಳ್ಳಲಿಲ್ಲ."

ಡ್ರೈವರು ಹಾರ್ನು ಹೊಡದ.
ಬ್ಯಾಗಿನ ಪಟ್ಟಿ ಎದಿ ಮ್ಯಾಲಿಂದ ಸರಿಸಿ
ಬಾಗಿಲಾ ಬಡದು ರೈಟ್ ಅಂದೆ.