ನೆರಳಿನ ವೇಳಾಪಟ್ಟಿ

ಏಪ್ರಿಲ್‌ನ ಒಂದು ಶನಿವಾರ, ಮಕ್ಕಳಿಗೆ ರಜೆ.
ಸೀಮೆಸುಣ್ಣ ಹಿಡಿದು ಹಿಂದಿನ ಅಂಗಳಕ್ಕಿಳಿದೆ.
ಮಬೇಲಾದ ಈ ಬಾಡಿಗೆ ವಿಲ್ಲಾದಲ್ಲಿ ನಮ್ಮ ಪಾಲಿಗೆ ಬಂದದ್ದು
ಗೋಡೆಗೂ ಗೋಡೆಗೂ ನಡುವೆ ಹದಿನಾಲ್ಕು ಹೆಜ್ಜೆ ಸಿಮೆಂಟು.
ಆರೂವರೆಗೆ ನೆರಳು ನೀರಿನ ಟ್ಯಾಂಕಿನವರೆಗೆ; ಗೆರೆ ಎಳೆದೆ.
ಎಂಟಕ್ಕೆ ಬಟ್ಟೆ ಹಗ್ಗದ ಕಂಬಕ್ಕೆ; ಗೆರೆ.
ಹತ್ತಕ್ಕೆ ಮಗುವೊಂದು ಅಡ್ಡ ಮಲಗುವಷ್ಟು.
ಹನ್ನೆರಡಕ್ಕೆ ನನ್ನ ಚಪ್ಪಲಿಯಗಲ.
ಇಷ್ಟು ನನ್ನ ಬಂಡವಾಳ.
ಇದರೊಳಗೆ ಏಳು ಮಕ್ಕಳು ಓಡಬೇಕು, ಬೀಳಬೇಕು, ಜಗಳಾಡಬೇಕು,
ನೈಟ್ ಡ್ಯೂಟಿ ಮುಗಿಸಿದ ತಾಯಂದಿರು ಅಷ್ಟರಲ್ಲಿ ಒಂದಿಷ್ಟು ನಿದ್ದೆ ಮಾಡಬೇಕು.

ಮರಳು ಕೊಂಡೆ. ನಗಬೇಡಿ.
ಗೇಟಿನಾಚೆ ಪುಕ್ಕಟೆ ಮರಳು, ಕಣ್ಣು ಹಾಯುವಷ್ಟು,
ಅದರೊಳಗೆ ಬೆಕ್ಕಿನ ಕಾರುಬಾರು, ಗಾಜಿನ ಚೂರು, ಬೀಡಿ ತುಂಡು.
ತೊಳೆದ ಮರಳು ಚೀಲಕ್ಕೆ ಒಂದು ರಿಯಾಲ್ ಎಂಟುನೂರು ಬೈಸ,
ಹನ್ನೊಂದು ಚೀಲ.
ಬಿಲ್ಲು ಬರೆಯುತ್ತ ಶೊಫಿಕುಲ್ ತಲೆಯೆತ್ತಿ ನೋಡಿದ,
ಕಡಲ ದಂಡೆಯಲ್ಲಿ ಕೂತು
ಉಪ್ಪಿನ ರೇಟು ಕೇಳುವವಳನ್ನು ನೋಡಿದಂತೆ.

ವಲೇರಿಯನ್‌ಗೆ ಸ್ಕ್ಯಾಫೋಲ್ಡಿಂಗ್ ಕೆಲಸ.
ಸೊಹಾರಿನ ರಿಫೈನರಿ ಚಿಮಣಿಗೆ
ಪೈಪು ಬಿಗಿದು ಬಿಗಿದು ದಾರಿ ಮಾಡಿ ಕೊಟ್ಟವನು.
ನನ್ನ ಏಣಿಗೆಂದು ಟೇಪು ಎಳೆದು ಕೇಳಿದ: ಎಷ್ಟು ಎತ್ತರ?
ಬಿದ್ದರೆ ಅಳು ಬರಬೇಕು,
ಗಾಯ ಆಗಬಾರದು. ಅಷ್ಟು, ಎಂದೆ.
ಯಾವ ಡ್ರಾಯಿಂಗಿನಲ್ಲೂ ಕಂಡಿರದ ಅಳತೆ.
ಸುಮ್ಮನೆ ನಿಂತ. ಆಮೇಲೆ ಬಗ್ಗಿ
ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡ.

ಕೆಂಪು ಜಾರುಬಂಡಿ ತಂದದ್ದು ಮಾತ್ರ ನನ್ನದೇ ದಡ್ಡತನ.
ಮೊದಲ ದಿನ ಅಂಗೈ ಇಟ್ಟೆ, ದೋಸೆಯ ಕಾವಲಿ.
ಈಗ ಒಂಬತ್ತಾಯಿತೆಂದರೆ ಅದಕ್ಕೆ ಬೆಡ್‌ಶೀಟ್ ಹೊದಿಸುತ್ತೇನೆ,
ಜ್ವರ ಬಂದವರ ಹಾಗೆ ಮೂಲೆಯಲ್ಲಿ ಮಲಗಿರುತ್ತದೆ.
ಎಸಿ ಪೈಪಿನಿಂದ ತೊಟ್ಟಿಕ್ಕುವ ನೀರಿಗೆ ಬಕೆಟ್ಟು,
ಬಕೆಟ್ಟಿಗೆ ನಾಲ್ಕು ಲೋಟ, ಒಂದು ಸೋರುವ ಜರಡಿ.
ಮಿಸ್ಬಾ ಅದನ್ನು ಮಳೆ ಅನ್ನುತ್ತಾಳೆ.
ಮೂರು ವರ್ಷದವಳು. ನಾನು ತಿದ್ದಲಿಲ್ಲ.

ನೆಲ ಕೊರೆಯಕೂಡದು ಎಂದಿದ್ದಳು ಮನೆಯೊಡತಿ ಮೌಝಾ.
ವಾರ ಬಿಟ್ಟು ಅವಳೇ ಬಂದಳು, ತುಪ್ಪದ ಡಬ್ಬಿಯಲ್ಲೊಂದು ಸಸಿ.
ಶೆರೀಶ್ ಎಂದಳು. ಬೇವು ಎಂದೆ.
ಇಬ್ಬರೂ ಒಂದೊಂದು ಎಲೆ ಕಚ್ಚಿ, ಮುಖ ಸಿಂಡರಿಸಿ, ಒಪ್ಪಿದೆವು.
ನೆರಳು ಕೊಡಲು ಅದಕ್ಕೆ ಆರು ವರ್ಷ ಬೇಕು;
ನಮ್ಮ ವೀಸಾ ಎರಡು ವರ್ಷದ್ದು.
ಡ್ರಮ್ಮಿನಲ್ಲಿ ನೆಟ್ಟೆ.

ಜೊಯೆಲ್ ಒಬ್ಬ ಹೊಸ್ತಿಲು ಬಿಟ್ಟು ಇಳಿದವನಲ್ಲ.
ಆರನೇ ಮಹಡಿಯ ಫ್ಲ್ಯಾಟಿನ ಹುಡುಗ, ಟೈಲ್ಸ್ ಮಾತ್ರ ಗೊತ್ತು.
ಕಾಲಡಿ ಜಾರುವ ನೆಲ ಅಂದರೆ ಅವನಿಗೆ
ಏನೋ ಮುರಿದು ಹೋದ ಹಾಗೆ.
ಒಂದು ತಿಂಗಳು ಬಾಗಿಲಲ್ಲೇ ನಿಂತ, ಒಂದು ಕೈ ಚೌಕಟ್ಟಿನ ಮೇಲೆ.
ನಾನು ಕರೆಯುವುದನ್ನೂ ಬಿಟ್ಟಿದ್ದೆ.

ಅವತ್ತು ಅವನೇ ಕೂಗಿದ:
ಆಂಟೀ, ನೆರಳು ಹೋಗ್ತಾ ಉಂಟು!
ಕೂಗಿದವನು ಇಳಿದ. ಸಿಮೆಂಟು ದಾಟಿ,
ಹನ್ನೊಂದು ಚೀಲದ ಮರಳಿಗೆ ಕಾಲಿಟ್ಟು,
ನೆರಳಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನಿಂತ,
ಗಾಳಿಗೆ ಹಾರುವ ಚಾಪೆಯನ್ನು ಮೆಟ್ಟುವ ಹಾಗೆ.
ಮಿಸ್ಬಾ ಲೋಟ ಬಿಸಾಕಿ ಓಡಿಬಂದಳು. ಆಮೇಲೆ ಉಳಿದವರು.
ಏಳು ಮಕ್ಕಳು ಸಾಲಾಗಿ, ಹಲ್ಲು ಕಚ್ಚಿ,
ಸೂರ್ಯನ ಕೈಯಿಂದ ಒಂದು ಗೇಣು ತಂಪನ್ನು
ಜಗ್ಗಿ ಹಿಡಿದಿದ್ದರು.

ಆದರೂ ಹೋಯಿತು.
ಹೋಯ್ತು, ಎಂದ ಜೊಯೆಲ್, ದೂರಿಲ್ಲದ ದನಿಯಲ್ಲಿ.
ಒಳಗೆ ಬಂದು ನೀರು ಕೇಳಿದ.

ಸಂಜೆ, ಬೆಕ್ಕು ಬರುವ ಮೊದಲು ಟಾರ್ಪಾಲು ಎಳೆಯಲು ಹೋದೆ.
ಮರಳಿನಲ್ಲಿ ಏಳು ಜೊತೆ ಹೆಜ್ಜೆ, ಹೆಬ್ಬೆರಳು ಆಳಕ್ಕೆ ಊರಿದ್ದು.
ಎಲ್ಲೆಲ್ಲೂ ನೆರಳಿತ್ತು ಆಗ, ಬೇಡವೆನ್ನುವಷ್ಟು.
ಅರ್ಧ ಎಳೆದ ಟಾರ್ಪಾಲು ಕೈಯಲ್ಲೇ ಹಿಡಿದು
ಸ್ವಲ್ಪ ಹೊತ್ತು ಬೆಕ್ಕನ್ನು ಕಾದೆ.