ಹಟ್ಟಿ ಕ್ಯಾಂಪಿನ ಶನಿವಾರದ ಸಿನಿಮಾ

ಕ್ಲಬ್ಬಿನ ಬಯಲಿನ ಎರಡು ಕಬ್ಬಿಣದ ಕಂಬಕ್ಕೆ
ಬೆಳಿಗ್ಗೆ ನೆಟ್ಟು, ರಾತ್ರಿ ಪರದೆ.
ಕಂಪನಿ ಆಸ್ಪತ್ರೆಯ ಎರಡು ಹಾಸು ಕೂಡಿಸಿ ಹೊಲಿದದ್ದು,
ಆ ಹೊಲಿಗೆ ಯಾವಾಗಲೂ ನಾಯಕಿಯ ಮೂಗಿನ ಮೇಲೇ ಬರುತ್ತಿತ್ತು.

ಆ ಶನಿವಾರದ್ದು ಹಳೇ ಚಿತ್ರ.
ಭರ್ಚಿ ಎಸೆಯುವವನೊಬ್ಬ. ಸೊಕ್ಕು ಅಂದರೆ ಸೊಕ್ಕು.
ಗುರುವಿನ ಟೋಪಿ ತುಳಿಯುತ್ತಾನೆ,
ಬಡ ಗೆಳೆಯ ತಂದ ನೀರಿನ ಲೋಟ ಕೆಡವುತ್ತಾನೆ,
ಕನ್ನಡಿ ಮುಂದೆ ನಿಂತು ತನಗೆ ತಾನೇ ಚಪ್ಪಾಳೆ.
ಗುಡುಗುವ ಮೊದಲೇ ನಮಗೆಲ್ಲ ಗೊತ್ತು, ಇನ್ನೇನು ಗುಡುಗುತ್ತದೆ.
ಹೆಂಗಸರ ಕಡೆಯಿಂದ ಒಂದು ದನಿ:
"ಕೈ ಮುರೀಲಿ ಇವಂದು!"

ಆ ಮಾತಿಗೆ ನಾನು ಎದ್ದೆ.
ಶೇಂಗಾದ ಪೊಟ್ಟಣ ಹಿಡಿದು ಪರದೆಯ ಹಿಂದಕ್ಕೆ ನಡೆದೆ.
ಅಲ್ಲಿ ಜಾಲಿ ಬೇಲಿಯ ಬದಿ,
ಎಂಟಾಣೆ ಕೊಡದ ಹುಡುಗರ ನಡುವೆ
ಕಲ್ಲಿನ ಮೇಲೆ ಕೂತಿದ್ದ ಹುಲಗಪ್ಪ.

ಹುಲಗಪ್ಪ ಅಂದರೆ
ಈಗಿನವರಿಗೆ ಹೇಗೆ ಹೇಳಲಿ,
ಲಿಂಗಸುಗೂರು, ಮಾನ್ವಿ, ದೇವದುರ್ಗ, ಎಲ್ಲಿ ಹೋದರೂ
ಮೊದಲು ಅವನ ಹೆಸರು, ಆಮೇಲೆ ನಮ್ಮ ಊರಿಂದು.
ಜಿಗಿದರೆ ನೆಟ್ಟಿನ ಮೇಲೆ ಎದೆ.
ಹೊಡೆದರೆ ಚೆಂಡಿಗಿಂತ ಮೊದಲು
ಎದುರಿನವರ ಮಾರಿ ನೆಲಕ್ಕೆ.

ನಾನು ಅವನ ಲಿಫ್ಟರ್.
ಹತ್ತು ಬೆರಳಲ್ಲಿ ಚೆಂಡನ್ನು
ಬಿಸಿ ರೊಟ್ಟಿಯಂತೆ ಹಿಡಿಯದೆ ಹಿಡಿದು ಮೇಲೆ ಬಿಡುವವ.
ಒಂದು ಗೇಣು ಆಚೀಚೆ ಆದರೆ ಸಾಕು, ಜನರ ಮುಂದೆಯೇ:
"ಲೇ ಮೌಲಾ, ಬೆರಳು ಅದಾವೊ ಬದನಿಕಾಯೊ?"
ಶಕ್ತಿನಗರದಲ್ಲಿ ಕಪ್ಪು ಗೆದ್ದ ರಾತ್ರಿ
ಭುಜದಿಂದ ನನ್ನನ್ನು ಸರಿಸಿ ಫೋಟೋಕ್ಕೆ ನಿಂತ.
"ಎತ್ತಿಕೊಡೋ ಮಂದಿ ಕ್ಯಾಂಪಿನಾಗ ಭಾಳ ಅದಾರ."
ಆ ಫೋಟೋದಲ್ಲಿ ನಾನು ಒಂದು ಮೊಣಕೈ.

ಅವತ್ತು ಮನೆಗೆ ಬಂದು ಗೋಡೆಗೆ ಮುಖ ಮಾಡಿ
ನಾನೂ ಅದನ್ನೇ ಅಂದಿದ್ದೆ.
ಕೈ ಮುರೀಲಿ ಇವಂದು.

ಹನ್ನೊಂದನೇ ದಿನ, ಎರಡನೇ ಪಾಳಿ,
ನೆಲದ ಅಡಿಯಲ್ಲಿ ಸೂರಿನಿಂದ ಒಂದು ಕಲ್ಲು ಕಳಚಿತು.
ಎತ್ತಿನ ತಲೆಯಷ್ಟು, ದೊಡ್ಡದೇನಲ್ಲ.
ಗುಡುಗಲಿಲ್ಲ. ಪಿಟೀಲು ಇರಲಿಲ್ಲ.
ಸೈರನ್ ಕೂಗಿತು, ಚಹಾದಂಗಡಿಯವನು ಒಲೆ ಆರಿಸಿದ.
ಸುದ್ದಿ ಕೇಳಿದಾಗ ನನ್ನೊಳಗೆ ಏನೋ ಒಂದು ಕುಣಿಯಿತು,
ಒಂದೇ ಗಳಿಗೆ.
ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಆಮೇಲೆ ಅವನನ್ನು ಲ್ಯಾಂಪ್ ರೂಮಿಗೆ ಹಾಕಿದರು.
ಹಿತ್ತಾಳೆ ಬಿಲ್ಲೆ ಇಸಿದುಕೊಂಡು
ಎಡಗೈಯಿಂದ ದೀಪ ಎತ್ತಿಕೊಡುವ ಕೆಲಸ,
ಪಾಳಿಗೆ ಇನ್ನೂರೆಂಬತ್ತು ದೀಪ.
ಆ ಕಿಟಕಿಯಲ್ಲಿ ದಿನಾ ಎದುರಾಗುತ್ತಿದ್ದೆವು.
ಬಿಲ್ಲೆ ಕೊಡುತ್ತಿದ್ದೆ, ದೀಪ ಕೊಡುತ್ತಿದ್ದ.
ನಾಲ್ಕು ವರ್ಷ ಅಷ್ಟೇ ವ್ಯವಹಾರ.

ಶೇಂಗಾ ಚಾಚಿದೆ. ತಗೊಂಡ.
ಪರದೆಯ ಮೇಲೆ ಕಾರು ಗುದ್ದಿತು, ಸೊಕ್ಕಿನವನು ಬಿದ್ದ.
ಬಿಳಿ ಪಟ್ಟಿ, ತಾಯಿಯ ಅಳು, ದೇವರ ಗಂಟೆ.
ಆಚೆ ಇಡೀ ಕ್ಯಾಂಪು ಮೂಗೊರೆಸುತ್ತಿತ್ತು.
ಈಚೆ ನಮಗೆ ಎಲ್ಲ ತಿರುವುಮುರುವು,
ಆಸ್ಪತ್ರೆಯ ಬೋರ್ಡು ಕೂಡ ಓದಲಿಕ್ಕೆ ಬಾರದು.
ಹುಲಗಪ್ಪ ಸಿಪ್ಪೆ ಉಗುಳಿ ನಕ್ಕ.
"ನೋಡಲೇ, ಈ ಕಡಿ ಕುಂತರ
ಅವಂದು ಮುರದದ್ದು ಎಡಗೈ. ಬಲಗೈ ಗಟ್ಟಿ ಐತಿ."

ಹೇಳಿಬಿಡಬೇಕು ಅನ್ನಿಸಿತು, ಆ ಗೋಡೆಯ ಮಾತು.
ಬಾಯಲ್ಲಿ ಶೇಂಗಾ ಇತ್ತು.

ಕೊನೆಯ ರೀಲು ಸುತ್ತುವ ಮೊದಲೇ ಅವನೆದ್ದ.
"ಇನ್ನೇನು, ಕಾಲಿಗೆ ಬೀಳ್ತಾನ, ಗೆಲ್ತಾನ.
ನನಗ ಮುಂಜಾನಿ ಪಾಳಿ ಐತಿ."
ಹೋಗುತ್ತ ಹೋಗುತ್ತ ನಿಂತ.
ಖಾಲಿ ಪೊಟ್ಟಣ ಕಸಿದು, ಒಂದೇ ಕೈಯಲ್ಲಿ ಉಂಡಿ ಮಾಡಿ
ನನ್ನ ಕಡೆ ಒಗೆದು
"ಎತ್ತು" ಅಂದ.

ಎತ್ತಿದೆ. ಪ್ರೊಜೆಕ್ಟರಿನ ಬೆಳಕಿಗೆ ಬೆಳ್ಳಗೆ ಮೇಲೆ ಹೋಯಿತು,
ತಿರುಗಿತು, ಒಂದು ಕ್ಷಣ ನಿಂತಂತಾಯಿತು.
ಅವನು ಜಿಗಿದ. ಎಡಗೈ ಬೀಸಿದ.
ತಾಗಲಿಲ್ಲ.
ಹುಡುಗರು ಹೋ ಅಂದರು.
ಹುಲಗಪ್ಪ ಸೊಂಟಕ್ಕೆ ಕೈಯಿಟ್ಟು ನನ್ನನ್ನೇ ನೋಡಿದ.
"ಒಂದು ಗೇಣು ಮುಂದಾತು. ಬೆರಳು ಅದಾವೊ
ಬದನಿಕಾಯೊ?"

ಮುಂದಾಗಿರಲಿಲ್ಲ.
ಹೌದಪ್ಪಾ, ಮುಂದಾತು, ಅಂದೆ.